ಹಳದಿಯಾಗಲೊಲ್ಲದ ದ್ರವ

ನಾಲ್ಕನೆಯ ದಿನ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆರೆದವಳು ಫ್ಲಾಸ್ಕನ್ನು ಬೆಳಕಿಗೆ ಹಿಡಿದಳು. ಫ್ಲಾಸ್ಕಿನೊಳಗಿನ ದ್ರವ ಈ ಸಲವೂ ಗುಲಾಬಿ ಬಣ್ಣದಲ್ಲೇ ನಗುತ್ತಿತ್ತು.

ಅದು ಹಳದಿಯಾಗಬೇಕಿತ್ತು. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನೆಲ್ಲ ಕಬಳಿಸಿ ಸುತ್ತಲೂ ಹುಳಿ ಕಕ್ಕುತ್ತವೆ, ಆ ಹುಳಿಗೆ ಗುಲಾಬಿ ದ್ರವ ಹಳದಿಗೆ ತಿರುಗುತ್ತದೆ. ಅವನ್ನು ಕೊಲ್ಲಲು ಬಂದ ರೋಗನಿರೋಧಕ ಕೋಶಗಳು ಆ ಹುಳಿಯಲ್ಲಿ ಕೈಚೆಲ್ಲಿ ಕೂರುತ್ತವೆ. ಇದು ಅವಳ ಎರಡು ವರ್ಷದ ನಂಬಿಕೆ. ಆದರೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆ ಪುಟ್ಟ ಸೈನಿಕರು ಗೆದ್ದು ಬೀಗುತ್ತಿದ್ದರು. ಊರಿಗೆಲ್ಲ ಒಳ್ಳೆಯ ಸುದ್ದಿ, ಅವಳ ಸಂಶೋಧನೆಗೆ ಮಾತ್ರ ಮಣ್ಣು.

“ಮೂರನೇ ಸಲ ಅಲ್ವೇನೇ ಗುಬ್ಬಿ?” ಗೈಡ್ ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಇನ್ನೊಂದೇ ಸಲ ಮಾಡು. ಆಗಲಿಲ್ಲ ಅಂದ್ರೆ ಈ ವಿಷಯ ಬಿಟ್ಬಿಡು, ತಾಯಿ.”

ಮೆಲುದನಿಯವಳೆಂದು ಲ್ಯಾಬಿಗೆಲ್ಲ ಅವಳು ಗುಬ್ಬಿ. ಗುಬ್ಬಿ ತಲೆಯಾಡಿಸಿ ಕೋಶ ಬೆಳೆಸುವ ಕಲ್ಚರ್ ರೂಮಿಗೆ ಬಂದಳು, ಗೋಡೆಗೆ ಮುಖ ಮಾಡಿ ಅತ್ತಳು.

“ಅಯ್ಯೋ, ಏನಾಯ್ತ್ರೀ?”

ಬಾಗಿಲಲ್ಲಿ ಟೆಕ್ನೀಷಿಯನ್ ನಿಂತಿದ್ದ. ಆರು ತಿಂಗಳಿಂದ ಎದುರು ಬೆಂಚಿನಲ್ಲೇ ಇದ್ದವನೊಡನೆ ಅವಳು ಆಡಿದ ಮಾತು ಬೆರಳೆಣಿಕೆಯಷ್ಟು. ಡೈರಿಯಲ್ಲಿ ಆಡಿದ್ದು ಪುಟಗಟ್ಟಲೆ.

“ನನ್ನ ಫ್ಲಾಸ್ಕು... ಹಳದಿ ಆಗ್ತಾನೇ ಇಲ್ಲ.”

ಅವನ ಮುಖ ಅರಳಿತು. “ಹೇಗಾಗುತ್ತೆ? ನೀವು ಐದಕ್ಕೆ ಹೊರಟ ಮೇಲೆ ಕೋಶಗಳು ಸಾಯದಿರಲಿ ಅಂತ ದಿನಾ ಹಳೇ ದ್ರವ ತೆಗೆದು ಹೊಸದು ಹಾಕೋನು ನಾನೇ!”

“ನೀವಾ?” ಗುಬ್ಬಿಯ ಗಂಟಲಿನಿಂದ ಹದ್ದಿನ ದನಿ ಹೊರಟಿತು. “ಅದು ಹಳದಿ ಆಗೋದೇ ನನ್ನ ಪ್ರಯೋಗ ಕಣ್ರೀ!”

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. “ಹಾಗಂತ ಒಂದು ಚೀಟಿ ಅಂಟಿಸೋದಲ್ವಾ?”

“ಮುಟ್ಟಬೇಡಿ ಅಂತ ಬರೆದ್ರೆ ನಿಮಗೆ ಬೇಜಾರಾಗುತ್ತೇನೋ ಅಂತ...”

ಕಣ್ಣೊರೆಸಿಕೊಳ್ಳುತ್ತ ಅವಳು ಕೇಳಿದಳು. “ಬೇರೆಯವರ ಫ್ಲಾಸ್ಕಿಗೂ ಹೀಗೇ ಹಾಕ್ತೀರಾ?”

“ಇಲ್ಲ,” ಎಂದವನ ಕಿವಿಗಳು ಕೆಂಪಾದವು. ಅವನು ನೆಲದ ಟೈಲ್ಸ್ ಎಣಿಸತೊಡಗಿದ.

ಮತ್ತೆ ನಾಲ್ಕು ದಿನ. ಈ ಸಲ ಅವನು ಇನ್‌ಕ್ಯುಬೇಟರಿನ ಹತ್ತಿರ ಹಾಯಲೇ ಇಲ್ಲ. ಕಾಫಿ ತರಲೂ ಸುತ್ತು ಬಳಸಿ ಹೋದ. ನಾಲ್ಕನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ದ್ರವ ನಿಂಬೆಹಣ್ಣಿನ ಹಳದಿ. ಮೈಕ್ರೋಸ್ಕೋಪಿನಲ್ಲಿ ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ಬೆಳೆದಿದ್ದವು, ಸೈನಿಕರು ಮಗ್ಗುಲಲ್ಲೇ ಇದ್ದೂ ಮಂಕು ಬಡಿದಂತಿದ್ದರು.

“ಮೇಡಂ, ಸೋತಿವೆ!” ಗುಬ್ಬಿ ಕುಣಿದೇಬಿಟ್ಟಳು.

ಮೇಡಂ ನೋಡಿದರು, ನಡೆದದ್ದನ್ನೆಲ್ಲ ಕೇಳಿದರು, ಹೊಟ್ಟೆ ಹಿಡಿದು ನಕ್ಕರು. “ಹುಳಿ ತೆಗೆದಾಗ ಗೆದ್ದಿವೆ, ಬಿಟ್ಟಾಗ ಸೋತಿವೆ. ಹೋಲಿಸೋಕೆ ಮೂರು ಪ್ರಯೋಗ ಇವನೇ ಮಾಡಿಕೊಟ್ಟಿದಾನಲ್ಲೇ! ಹೋಗು, ಬರೆಯೋಕೆ ಶುರು ಮಾಡು.”

ಎರಡು ವರ್ಷದ ಭಾರ ಒಂದೇ ಉಸಿರಿನಲ್ಲಿ ಇಳಿಯಿತು. ಮೇಡಂ ಹೋದ ಮೇಲೆ ಟೆಕ್ನೀಷಿಯನ್ ಹತ್ತಿರ ಬಂದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ.

“ಪಾಪ, ಈ ಸೈನಿಕರು ಹೇಡಿಗಳಲ್ಲ ಅನ್ನಿ.”

“ಅಲ್ಲ. ಇರೋ ಜಾಗ ಹಾಗಿದೆ.”

“ಮತ್ತೆ ನೀವು? ಆರು ತಿಂಗಳು ತುಟಿ ಬಿಚ್ಚಲಿಲ್ಲ. ಅಷ್ಟು ಹುಳಿನಾ ನಾನು?”

ಅವಳು ತಲೆಯೆತ್ತಿ ನೋಡಿದಳು. ಕಣ್ಣು ತಪ್ಪಿಸಿದವನು ಈ ಸಲವೂ ಅವನೇ.

“ಇವತ್ತು ನಾನು ಬಸ್ಸಿಗೆ ಹೋಗಲ್ಲ,” ಅವಳೇ ಮಾತು ತೆಗೆದಳು. “ನಿಮ್ಮ ಜೊತೆ ನಡ್ಕೊಂಡು ಬರ್ತೀನಿ.”

“ನಿಮ್ಮನೆ ನಾಲ್ಕು ಕಿಲೋಮೀಟರ್ ದೂರ ಕಣ್ರೀ!”

“ಸಾಲಲ್ಲ,” ಎಂದಳು ಗುಬ್ಬಿ. “ಹೇಳೋದು ತುಂಬಾ ಇದೆ.”