ಬಾಬಿನ್ ಆಪರೇಷನ್ನಿನ ಶುಕ್ರವಾರ

ಟವೆಲ್ ಸರಿಸಿ ಬುಟ್ಟಿಯೊಳಗೆ ಇಣುಕಿದ ಡಾಕ್ಟರು ಮೊದಲು ಬೆಕ್ಕನ್ನು ನೋಡಿದರು, ಆಮೇಲೆ ಅದರ ಹೊಟ್ಟೆಗೆ ಅಂಟಿಕೊಂಡಿದ್ದ ನಾಲ್ಕು ಮರಿಗಳನ್ನು, ಕೊನೆಗೆ ಬುಟ್ಟಿ ಹೊತ್ತು ತಂದ ಅವಳನ್ನು. ಕೊನೆಯ ನೋಟ ಸ್ವಲ್ಪ ಉದ್ದವಾಯಿತು.

"ಅಳತೆ ಟೇಪು ಕೊರಳಲ್ಲೇ ಬಂದುಬಿಟ್ಟಿದೆ," ಎಂದರು.

ಅವಳು ಮುಟ್ಟಿ ನೋಡಿಕೊಂಡಳು. ಹೌದು, ತನ್ನ ಹೊಲಿಗೆ ಅಂಗಡಿಯಿಂದ ಕ್ಲಿನಿಕ್ಕಿನವರೆಗೆ ಎರಡು ಬೀದಿ ಹಾಗೇ ನಡೆದುಬಂದಿದ್ದಳು. ನಾಚಿಕೆ ಮುಚ್ಚಿಕೊಳ್ಳಲು ದನಿ ಗಟ್ಟಿ ಮಾಡಿದಳು.

"ಇವತ್ತೇ ಇದಕ್ಕೆ ಆಪರೇಷನ್ ಮಾಡಿಬಿಡಿ ಡಾಕ್ಟ್ರೇ. ಬಟ್ಟೆ ಚೂರಿನ ಬುಟ್ಟಿ ತುಂಬ ಮರಿ ಹಾಕಿಟ್ಟಿದೆ. ಇನ್ನೊಂದು ಸಲ ಆಗಬಾರದು."

"ಮರಿ ಹಾಕಿ ಎಷ್ಟು ದಿನ ಆಯ್ತು?"

"ಎರಡು ವಾರ."

"ಹಾಗಾದ್ರೆ ಈಗ ಬೇಡ. ಎಂಟು ವಾರಕ್ಕೆ ಮರಿಗಳು ಹಾಲು ಬಿಡ್ತವೆ. ಆಮೇಲೆ ತಾಯಿಗೆ ಹಾಲು ಬತ್ತೋಕೆ ಇನ್ನೆರಡು ವಾರ. ಆಗ ಮಾಡೋಣ." ಗೋಡೆಯ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸಿ, ಒಂದು ಶುಕ್ರವಾರಕ್ಕೆ ಕೆಂಪು ಸುತ್ತು ಹಾಕಿದರು. "ಅಲ್ಲೀವರೆಗೆ ಹೊರಗೆ ಬಿಡಬೇಡಿ. ಒಂದು ದಿನಾನೂ."

"ಹಾಲು ಕುಡಿಸ್ತಿರೋವಾಗ ಬಸಿರಾಗಲ್ವಲ್ಲ?"

"ಬೆಕ್ಕಾದ್ರೆ ಆಗುತ್ತೆ. ಹೆಸರೇನು ಇದಕ್ಕೆ?"

"ಬಾಬಿನ್. ಹೊಲಿಗೆ ಮೆಷಿನ್ನಿನ ದಾರದ ಸುರುಳಿ ಇರುತ್ತಲ್ಲ, ಅದೇ."

ಡಾಕ್ಟರು ನಕ್ಕರು. ನಗುವಾಗ ಅವರ ಒಂದು ಹುಬ್ಬು ಮಾತ್ರ ಮೇಲೇರುತ್ತಿತ್ತು. ಆ ಹುಬ್ಬು ಅವತ್ತು ಇಡೀ ಸಂಜೆ ಅವಳನ್ನು ಕೆಲಸ ಮಾಡಗೊಡಲಿಲ್ಲ.

ಇಲ್ಲಿ ಅವಳ ಕಸುಬಿನ ಒಂದು ಗುಟ್ಟು ಹೇಳಲೇಬೇಕು. ಹೊಲಿಯುವವರು ಅಂಗಿಯ ಪಕ್ಕದಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಡುತ್ತಾರಲ್ಲ, ಹಾಗೇ ಅವರ ಬಾಯಿಂದ ಬರುವ ತಾರೀಖಿಗೂ ಮೂರ್ನಾಲ್ಕು ದಿನ ಒಳಗೆ ಬಿಟ್ಟಿರುತ್ತಾರೆ. ಗುರುವಾರ ಕೊಡುತ್ತೇನೆ ಎಂದರೆ ಭಾನುವಾರ. ಗಿರಾಕಿಗಳೇನು ಕಡಿಮೆಯೇ? ನಾಳೆಯೇ ಬೇಕು ಎಂದು ತಲೆ ಚಚ್ಚಿಕೊಂಡವರು ವಾರ ಕಳೆದು ಬಂದು ಒಯ್ಯುತ್ತಾರೆ. ಹನ್ನೆರಡು ವರ್ಷ ಹೀಗೇ ಬದುಕಿದವಳಿಗೆ ಲೋಕದಲ್ಲಿ ಒಬ್ಬ ಮನುಷ್ಯ ಶುಕ್ರವಾರ ಎಂದರೆ ಶುಕ್ರವಾರವೇ ಇರಬಹುದು ಎಂದು ಹೊಳೆಯಲೇ ಇಲ್ಲ ನೋಡಿ.

ವಾರಕ್ಕೊಮ್ಮೆ ಮರಿಗಳನ್ನು ತೂಗಿಸಲು ಹೋಗತೊಡಗಿದಳು. ತೂಗುವುದಕ್ಕೆ ಹತ್ತು ನಿಮಿಷ ಸಾಕು. ಇವರಿಬ್ಬರಿಗೆ ಒಂದು ತಾಸು ಸಾಲುತ್ತಿರಲಿಲ್ಲ.

"ಈ ಮರಿ ನಿಮ್ಮ ಹಾಗೇ. ಸುಮ್ಮನೆ ಗುರ್ ಅನ್ನುತ್ತೆ, ಮುಟ್ಟಿದ್ರೆ ಕಣ್ಣು ಮುಚ್ಚುತ್ತೆ," ಎಂದರು ಡಾಕ್ಟರು ಒಮ್ಮೆ.

"ನನ್ನನ್ನ ಯಾವಾಗ ಮುಟ್ಟಿ ನೋಡಿದ್ರಿ?" ಎಂದುಬಿಟ್ಟಳು. ಅಂದಮೇಲೆ ಕಿವಿ ಬಿಸಿಯಾಯಿತು. ಡಾಕ್ಟರು ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತರು, ಆದರೆ ಹುಬ್ಬು ಮೇಲೇರಿತ್ತು.

ಮರಿಗಳಿಗೆ ಆರು ವಾರವಾದಾಗ ಬಾಬಿನ್ ಕಿಟಕಿಯಲ್ಲಿ ಕೂತು ಒಂದೇ ಸಮ ಅರಚತೊಡಗಿತು. "ಒಂದು ಸಂಜೆ ಬಿಡು ಅತ್ಲಾಗೆ, ಕಿವಿ ತೂತಾಯ್ತು," ಎಂದರು ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಾಕುತ್ತ ಕೂತಿದ್ದ ಅತ್ತಿಗೆ. ಒಂದು ದಿನವೂ ಬೇಡ ಎಂದಿದ್ದರು ಡಾಕ್ಟರು. ಅವರೂ ನಾಲ್ಕು ದಿನ ಒಳಗೆ ಬಿಟ್ಟುಕೊಂಡೇ ಹೇಳಿರುತ್ತಾರೆ ಎಂದುಕೊಂಡು ಇವಳು ಚಿಲಕ ತೆಗೆದಳು. ಬಾಬಿನ್ ಬೆಳಗಾಗುವಷ್ಟರಲ್ಲಿ ವಾಪಸ್ಸು ಬಂತು. ಈ ವಿಷಯ ಡಾಕ್ಟರಿಗೆ ಹೇಳಲಿಲ್ಲ. ಬೈಸಿಕೊಳ್ಳುವುದು ಯಾರಿಗೆ ಬೇಕು?

ಮರಿಗಳು ಹಾಲು ಬಿಟ್ಟವು. ಒಂದೊಂದಾಗಿ ಮನೆ ಹಿಡಿದವು. ಕೊನೆಯ ಮರಿಯನ್ನು ತೂಗಿದ ದಿನ ಡಾಕ್ಟರು ಕೈ ಒರೆಸಿಕೊಳ್ಳುತ್ತ ನಿಂತವರು ನಿಂತೇ ಇದ್ದರು.

"ಒಂದು ಮಾತು. ಅಕ್ಕ ಒಂದು ಸಂಬಂಧ ನೋಡಿದ್ದಾಳೆ. ಈ ಶುಕ್ರವಾರ ರಾತ್ರಿಯೊಳಗೆ ಅವರ ಮನೆಗೆ ಉತ್ತರ ಹೇಳಬೇಕಂತೆ."

ಅವಳು ಮರಿಯನ್ನು ಬುಟ್ಟಿಗೆ ಇಳಿಸಿದಳು. "ಹುಡುಗಿ ಹೇಗಿದ್ದಾರೆ?"

"ಒಳ್ಳೆಯವರು. ಅವರಲ್ಲಿ ಕೊರತೆ ಹುಡುಕೋಕೆ ಆಗಲ್ಲ." ಡಾಕ್ಟರು ಈಗ ನೇರ ನೋಡಿದರು. "ಏನು ಹೇಳಲಿ ಅಂತ ನಿಮ್ಮನ್ನೇ ಕೇಳ್ತಿದೀನಿ. ಶುಕ್ರವಾರ ಬಾಬಿನ್ನನ್ನ ಕರ್ಕೊಂಡು ಬರ್ತೀರಲ್ಲ, ಆಗ ಹೇಳಿ."

"ಬರ್ತೀನಿ," ಎಂದಳು. ಅಲ್ಲೇ, ಆಗಲೇ ಹೇಳಿಬಿಡಬಹುದಿತ್ತು. ಎರಡೇ ಪದ. ಆದರೆ ಅವಳಿಗೆ ಅದನ್ನು ಚೆಂದ ಮಾಡಿ ಹೇಳುವ ಆಸೆ.

ತನಗೆಂದೇ ಒಂದು ಕಡುನೀಲಿ ಬಟ್ಟೆ ಎತ್ತಿಟ್ಟಿದ್ದಳು. ಅದನ್ನು ಹೊಲಿದು, ಹಾಕಿಕೊಂಡು, ಎದುರು ನಿಂತು ಹೇಳಬೇಕು. ಹೊಲಿಯುವವಳ ಸ್ವಂತ ಬಟ್ಟೆ ಯಾವತ್ತೂ ಕೊನೆಯ ಸರದಿಯದು. ಒಂದು ಶಾಲೆಯ ಎಂಬತ್ತು ಯೂನಿಫಾರ್ಮ್ ನಡುವೆ ಬಂತು. ಶುಕ್ರವಾರ ಸಂಜೆ ಐದಕ್ಕೆ ನೀಲಿಯದಕ್ಕೆ ತೋಳು ಕೂಡಿಸುವುದು ಇನ್ನೂ ಬಾಕಿ ಇತ್ತು.

"ಇದ್ದದ್ದನ್ನೇ ಹಾಕ್ಕೊಂಡು ಹೋಗೇ," ಎಂದರು ಅತ್ತಿಗೆ. ಅವರಿಗೆ ಎಲ್ಲವೂ ಗೊತ್ತಿತ್ತು. "ಅವರು ನೋಡೋದು ನಿನ್ನ ಮುಖಾನ, ತೋಳನ್ನಲ್ಲ."

"ಸೋಮವಾರ ಹೋಗ್ತೀನಿ ಅತ್ತಿಗೆ. ಮದುವೆ ಮಾತು ಒಂದೇ ದಿನದಲ್ಲಿ ಎಲ್ಲಿ ಮುಗಿಯುತ್ತೆ? ಶುಕ್ರವಾರ ಅಂದ್ರೆ ಮುಂದಿನ ವಾರ ಅಂತ ಅರ್ಥ."

"ಒಂದು ಫೋನಾದ್ರೂ ಮಾಡು."

"ಇದನ್ನ ಫೋನಲ್ಲಿ ಹೇಳ್ತಾರಾ?"

ಹೇಳಬಹುದಿತ್ತು. ಈಗ ಅಂದು ಏನು ಬಂತು?

ಸೋಮವಾರ ಬೆಳಿಗ್ಗೆ ನೀಲಿ ಬಟ್ಟೆಯಲ್ಲಿ ಹೋದಳು. ತೋಳು ಹೇಳಿ ಮಾಡಿಸಿದಂತೆ ಕೂತಿತ್ತು. ಡಾಕ್ಟರು ಒಮ್ಮೆ ನೋಡಿ ಕಣ್ಣು ತಗ್ಗಿಸಿದರು. ಬಾಬಿನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಹೊಟ್ಟೆಯಡಿ ಬೆರಳಾಡಿಸಿದರು. ಬೆರಳು ನಿಂತಿತು.

"ಹೊರಗೆ ಬಿಟ್ಟಿದ್ರಾ?"

"ಒಂದೇ ಸಂಜೆ. ತಿಂಗಳಾಯ್ತು."

"ಮತ್ತೆ ಬಸಿರು."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ತನ್ನ ಸೋಮಾರಿ ಲೆಕ್ಕಕ್ಕೆ ಈ ಮೂಕಪ್ರಾಣಿ ಮೈಯಿಂದ ದಂಡ ತೆರುತ್ತಿದೆಯಲ್ಲ ಎಂದು ಸಂಕಟವಾಯಿತು. "ಈಗೇನು ಮಾಡೋದು?"

"ಇವತ್ತೇ ಆಪರೇಷನ್ ಮಾಡಬಹುದು. ಮಾಡೋದೇ ಒಳ್ಳೇದು. ಸೊರಗಿದೆ, ಇನ್ನೊಂದು ಹೆರಿಗೆ ತಡೆಯಲ್ಲ. ಒಳಗಿರೋ ಮರಿಗಳು ಮಾತ್ರ ಉಳಿಯಲ್ಲ."

ಅವಳು ಬಾಬಿನ್ ತಲೆ ಸವರಿದಳು. ಅದು ಅವಳ ಅಂಗೈಗೆ ಮುಖ ಒತ್ತಿತು. "ಮಾಡಿ," ಎಂದಳು. ಅದೇ ಉಸಿರಿನಲ್ಲಿ, ಇನ್ನು ತಡೆದರೆ ಬಾಯಿಂದ ಮಾತೇ ಹೊರಡುವುದಿಲ್ಲ ಎಂಬಂತೆ, "ಅಕ್ಕನಿಗೆ ಬೇಡ ಅಂತ ಹೇಳಿ. ನನಗೆ ನೀವು ಬೇಕು," ಎಂದಳು.

ಡಾಕ್ಟರು ನಲ್ಲಿ ತಿರುಗಿಸಿ ಕೈ ತೊಳೆದರು. ಸಾಬೂನು ಹೋದಮೇಲೂ ತೊಳೆಯುತ್ತಲೇ ಇದ್ದರು.

"ಶುಕ್ರವಾರ ರಾತ್ರಿ ಹತ್ತು ಗಂಟೆವರೆಗೆ ಬಾಗಿಲು ತೆಗೆದಿಟ್ಟಿದ್ದೆ. ಬರಲ್ಲ ಅನ್ನೋದೇ ನಿಮ್ಮ ಉತ್ತರ ಅಂದ್ಕೊಂಡೆ. ಅಕ್ಕ ಫೋನ್ ಮಾಡಿದಳು. ಹೂಂ ಅಂದೆ."

"ವಾಪಸ್ ತಗೋಳಕ್ಕೆ..."

"ನಿನ್ನೆ ಆ ಹುಡುಗೀನೇ ಫೋನಲ್ಲಿ ಮಾತಾಡಿದ್ರು. ಇನ್ನೂ ನಂಬೋಕೇ ಆಗ್ತಿಲ್ಲ ಅಂತ ಖುಷಿಗೆ ಅತ್ತರು." ಡಾಕ್ಟರು ನಲ್ಲಿ ನಿಲ್ಲಿಸಿದರು. "ಆ ಹುಡುಗಿಗೆ ನಾನು ಏನಂತ ಹೇಳಲಿ? ನಿಮ್ಮ ಮನಸ್ಸು ನನಗೆ ಮೂರು ದಿನ ತಡವಾಗಿ ತಿಳೀತು ಅಂತಾನಾ? ನಾನೂ ಅಷ್ಟೇ. ಎರಡು ಬೀದಿ ನಡೆದು ಬಂದು ಬಾಗಿಲು ತಟ್ಟಬಹುದಿತ್ತು. ಬಿಗುಮಾನ ಬಿಡಲಿಲ್ಲ."

ಅವಳು ಹೊರಗಿನ ಬೆಂಚಿನಲ್ಲಿ ಕೂತು ಅತ್ತಳು. ಪಕ್ಕದಲ್ಲಿ ನಾಯಿ ಹಿಡಿದು ಕೂತಿದ್ದವರು, ಎಲ್ಲ ಸರಿಹೋಗುತ್ತೆ, ಡಾಕ್ಟರ ಕೈಗುಣ ಒಳ್ಳೆಯದು ಎಂದು ಸಮಾಧಾನ ಹೇಳಿದರು.

ಮಧ್ಯಾಹ್ನ ಡಾಕ್ಟರೇ ಬುಟ್ಟಿಯನ್ನು ಬಾಗಿಲವರೆಗೆ ಹೊತ್ತು ತಂದರು. ಮಾತ್ರೆ ಹೇಗೆ ಕೊಡಬೇಕು, ಗಾಯ ನೆಕ್ಕದ ಹಾಗೆ ಹೇಗೆ ನೋಡಿಕೊಳ್ಳಬೇಕು, ಎಲ್ಲ ಎರಡೆರಡು ಸಲ ಹೇಳಿದರು. ಬುಟ್ಟಿ ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ತಕ್ಷಣ ತೆಗೆಯಲಿಲ್ಲ.

"ನೀಲಿ ನಿಮಗೆ ತುಂಬ ಒಪ್ಪುತ್ತೆ," ಎಂದರು.

"ಸುಖವಾಗಿರಿ ಡಾಕ್ಟ್ರೇ," ಎಂದಳು. ಮನಸಾರೆ ಅಂದಳು, ಅದೇ ಕಷ್ಟವಾದದ್ದು.

ಅಂಗಡಿಯಲ್ಲಿ ಅತ್ತಿಗೆ ಸೂಜಿ ಕೆಳಗಿಟ್ಟು ಎದ್ದು ಬಂದರು. "ಏನಾಯ್ತೇ?"

"ಆಪರೇಷನ್ ಆಯ್ತು. ಚೆನ್ನಾಗಿದೆ."

"ನಾನು ಕೇಳಿದ್ದು ಬೆಕ್ಕಿನ ವಿಷಯ ಅಲ್ಲ."

ಅವಳು ಬುಟ್ಟಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು. "ಅವರು ಶುಕ್ರವಾರ ಅಂದಿದ್ದು ಶುಕ್ರವಾರಾನೇ ಅತ್ತಿಗೆ," ಎಂದಳು.

ಅತ್ತಿಗೆ ಹೋಗಿ ಅಂಗಡಿಯ ಬಾಗಿಲು ಹಾಕಿ ಬಂದರು.