ಛತ್ರದ ಗೇಟಿನ ಹೊರಗೆ

“ಆಗಲ್ಲ ಅಂದ್ರೆ ಆಗಲ್ಲ ಮೇಡಂ!”

ಗಾಂಧಿ ಬಜಾರಿನ ಹಿಂದಿನ ಬೀದಿಯ ಮದುವೆ ಛತ್ರದ ಗೇಟು ಯಶಶ್ರೀಯ ಮುಖಕ್ಕೇ ಮುಚ್ಚಿಕೊಂಡಿತು.

ಯಪ್ಪಾ, ಎಂಥ ಗಂಡಸು! ಮಾಸ್ಕಿನ ಮೇಲೆ ಅಷ್ಟು ಚಂದದ ಕಣ್ಣು... ಎದೆ ಮಾತ್ರ ಕಲ್ಲು!

ಹಿಂದೆ ಆಟೋದಲ್ಲಿ ಬಿಂದು ಮುದುರಿ ಕೂತಿದ್ದಳು. ಹಾಲು ತರುತ್ತೇನೆಂದು ಹೇಳಿ, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವಳು. ಕೈಯಲ್ಲಿ ಹಾಲಿನ ಪ್ಯಾಕೆಟ್ ಬಿಟ್ಟರೆ ಇನ್ನೇನೂ ಇಲ್ಲ.

ಯಶಶ್ರೀ ಮಹಿಳಾ ಸಹಾಯವಾಣಿಯವಳು. ಲಾಕ್‌ಡೌನ್ ಬಂದ ಮೇಲೆ ಅವಳ ಮೊಬೈಲೇ ಆಫೀಸು. ಆಶ್ರಯಧಾಮದವರು ಕೊರೊನಾ ರಿಪೋರ್ಟ್ ಇಲ್ಲದೆ ಒಳಗೆ ಬಿಡುವುದಿಲ್ಲ. ರಿಪೋರ್ಟ್ ಬರುವುದು ನಾಡಿದ್ದು. ಲಾಡ್ಜುಗಳಿಗೆಲ್ಲ ಬೀಗ. ತನ್ನ ಮನೆಗೆ ಕರೆದೊಯ್ಯೋಣವೆಂದರೆ ಅಜ್ಜಿಗೆ ಉಸಿರಾಟದ ತೊಂದರೆ. ರಿಪೋರ್ಟ್ ಬರುವವರೆಗೆ ಈ ಹುಡುಗಿ ಎಲ್ಲಿ ಮಲಗಬೇಕು? ಬೀದಿಯಲ್ಲಾ?

“ರೀ ವರದರಾಜ್! ಮದುವೆಗಳೆಲ್ಲ ಕ್ಯಾನ್ಸಲ್ ಆಗಿ ಛತ್ರ ಖಾಲಿ ಹೊಡೀತಿದೆ. ಒಂದು ರೂಮ್ ಕೊಟ್ರೆ ನಿಮ್ಮ ಗಂಟೇನ್ ಹೋಗುತ್ತೆ?”

ಅವಳು ಗೇಟು ಬಡಿದಳು.

“ಮನುಷ್ಯತ್ವ ಇದ್ಯೇನ್ರೀ ನಿಮಗೆ?”

ಗೇಟು ತೆರೆಯಿತು. ಛತ್ರದ ಮಾಲೀಕ ವರದರಾಜ ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡು ಹೊರಗೆ ಬಂದ!

“ಒಳಗೆ ನಾನೊಬ್ನೇ ಇರೋದು ಮೇಡಂ. ಗಂಡಸಿನ ಕೈಲಿ ಏಟು ತಿಂದು ಬಂದೋರು... ಗುರುತಿಲ್ಲದ ಗಂಡಸಿರೋ ಕಡೆ ನಿದ್ದೆ ಮಾಡ್ತಾರಾ? ಅದಕ್ಕೇ ಆಗಲ್ಲ ಅಂದೆ. ನಾನು ಹೊರಗಡೆ ನನ್ನ ವ್ಯಾನಲ್ಲಿ ಮಲಗ್ತೀನಿ. ಒಳಗಡೆಯಿಂದ ಚಿಲಕ ಹಾಕ್ಕೊಳ್ಳಿ.”

“ಅದನ್ನ ಮೊದಲೇ ಹೇಳೋಕೇನ್ರೀ ಧಾಡಿ?”

“ನೀವು ಮಾತಾಡೋಕೆ ಬಿಟ್ರೆ ತಾನೇ!”

ಯಶಶ್ರೀಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ಒಳ್ಳೆಯವನಾಗಿರುವುದಕ್ಕೂ ಇಷ್ಟು ಸತಾಯಿಸಬೇಕೇ!

ಆಮೇಲೆ ಇನ್ನಷ್ಟು ಹೆಂಗಸರು ಬಂದರು. ರಿಪೋರ್ಟ್ ಬರುವವರೆಗೆ ಛತ್ರದಲ್ಲಿರಲಿ ಎಂದು ಆಶ್ರಯಧಾಮದವರೇ ಕಳಿಸತೊಡಗಿದರು. ಬಿಂದು ಅಲ್ಲೇ ಅಡುಗೆಗೆ ನಿಂತಳು. ವರದರಾಜ ರೇಷನ್ ತಂದು ಗೇಟಿನ ಬಳಿ ಇಟ್ಟು ದೂರ ಸರಿಯುತ್ತಿದ್ದ. ಯಶಶ್ರೀ ದಿನಾ ಅವನೊಂದಿಗೆ ಜಗಳವಾಡುತ್ತಿದ್ದಳು. ಜಗಳವಿಲ್ಲದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಿಂದುವೇ ಗೇಟಿಗೆ ಬಂದಳು. ಉಳಿದ ಹೆಂಗಸರೂ ಅವಳ ಹಿಂದೆ ನಿಂತಿದ್ದರು.

“ಅಣ್ಣಾ, ಎಲೆ ಹಾಕಿದೀವಿ. ಒಳಗೆ ಬಂದು ಊಟ ಮಾಡಿ.”

ವರದರಾಜನ ಕಣ್ಣು ತುಂಬಿತು. ಹೆಜ್ಜೆ ಮಾತ್ರ ಏಳಲಿಲ್ಲ.

“ಕರೀತಿದಾರಲ್ಲ, ಹೋಗ್ರೀ!” ಯಶಶ್ರೀ ಗದರಿದಳು.

“ನಿಮಗೊಂದು ಮಾತು ಹೇಳ್ಬೇಕಿತ್ತು... ನಿಮ್ಮ ಹಿಂದೆ ಬೀಳೋಕೇ ಛತ್ರ ಕೊಟ್ಟ ಅಂತ ಇವರು ಅಂದ್ಕೊಂಡು ಹೆದರಿಬಿಟ್ರೆ ಅಂತ ಸುಮ್ನಿದ್ದೆ.”

“ಇನ್ನೂ ಸುಮ್ನಿರ್ತೀರಾ?”

“ಇಲ್ಲ. ನೀವಂದ್ರೆ ನಂಗೆ ಪ್ರಾಣ, ಯಶಶ್ರೀ.”

“ಅಬ್ಬಾ! ಅಂತೂ ಹೇಳಿದ್ರಲ್ಲ... ನಂಗೂ ಕಣ್ರೀ. ಬನ್ನಿ, ಅನ್ನ ಆರೋಗತ್ತೆ.”