ಬಾಯಿಪಾಠದ ಚಾರ್ಟು

ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ರಾಜಕೀಯ ಕೈದಿಗಳನ್ನು ಒಬ್ಬೊಬ್ಬರಾಗಿ ಬಿಟ್ಟರು. ಅವರಿಗೆ ಮತ್ತೆ ಕೆಲಸ ಕೊಡಿಸುವುದು ಅದಕ್ಕೆಂದೇ ಮಾಡಿದ ಸಮಿತಿಯ ಹೊಣೆ. ಕಣ್ಣು ಪರೀಕ್ಷಿಸಿ ಸರ್ಟಿಫಿಕೇಟ್ ಬರೆಯುವುದು ಕನ್ನಡಕದ ಅಂಗಡಿಯವಳ ಪಾಲಿಗೆ ಬಂತು.

ಆ ಬೆಳಿಗ್ಗೆ ಸಮಿತಿಯ ಚೀಟಿ ಹಿಡಿದು ಬಂದವನನ್ನು ಅವಳು ನೋಡಿದೊಡನೆ ಗುರುತಿಸಿದಳು. ಹದಿಮೂರು ವರ್ಷಗಳ ಹಿಂದೆ, ಕಣ್ಣು ಚೆನ್ನಾಗಿದ್ದರೂ "ಯಾಕೋ ಮಂಜು ಮಂಜು" ಎನ್ನುತ್ತ ತಿಂಗಳಿಗೆರಡು ಸಲ ಬರುತ್ತಿದ್ದ ಬಸ್ ಡ್ರೈವರ್.

ಆಗ ಅಂಗಡಿ ಅವಳ ಅಪ್ಪನದು. "ಇವನ ರೋಗ ಕಣ್ಣಲ್ಲಿಲ್ಲ ಮಗಳೇ," ಎಂದು ನಗುತ್ತಿದ್ದರು. ಮುಷ್ಕರದಲ್ಲಿ ಅವನನ್ನು ಹಿಡಿದೊಯ್ದ ಮೇಲೆ ಅಪ್ಪ ಆ ಮಾತು ಎತ್ತಲಿಲ್ಲ. ಜೈಲಿನಿಂದ ಅವನು ಹೇಳಿ ಕಳಿಸಿದ್ದು ಒಂದೇ: ಕಾಯಬೇಡ. ಅವಳು ಹಟಕ್ಕೇ ಕಾದಳು.

"ಕೂತ್ಕೊಳ್ಳಿ. ಎಡಗಣ್ಣು ಮುಚ್ಕೊಂಡು ಓದಿ."

ಅವನು ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ನೀರು ಕುಡಿದಷ್ಟು ಸಲೀಸಾಗಿ ಓದಿಬಿಟ್ಟ.

ಅವಳ ಪೆನ್ನು ಅಲ್ಲೇ ನಿಂತಿತು. ಅವನು ಓದಿದ್ದು ಅಪ್ಪನ ಕಾಲದ ಚಾರ್ಟು. ಅಪ್ಪ ತೀರಿಕೊಂಡ ಮೇಲೆ ಅದನ್ನು ತೆಗೆದು ಹೊಸದು ಹಾಕಿ ಐದು ವರ್ಷವಾಗಿತ್ತು.

"ಚಾರ್ಟ್ ಬದಲಾಗಿದೆ ಡ್ರೈವರ್ರೇ."

ಅವನು ಇಂಗು ತಿಂದ ಮಂಗನಂತಾದ. "ಜೈಲಿನ ಕತ್ತಲೆ ಕೋಣೇಲಿ ಕಣ್ಣು ಮಂಜಾಯ್ತು. ಹೇಳಿದ್ರೆ ಬಸ್ ಕೊಡಲ್ಲ. ಸ್ಟೀರಿಂಗ್ ಬಿಟ್ರೆ ನಂಗೇನು ಗೊತ್ತು?"

"ಅದಿರ್ಲಿ. ಅಷ್ಟು ಹಳೇ ಚಾರ್ಟ್ ಹೇಗೆ ನೆನಪಿತ್ತು?"

"ದಿನಾ ಹೇಳ್ಕೋತಿದ್ದೆ. ಕೊನೇ ಸಾಲಿಗೆ ಬಂದಾಗ ನೀವು ಪಕ್ಕದಲ್ಲೇ ನಿಂತಿದೀರಿ ಅನ್ಸೋದು." ಅವನು ನೆಲ ನೋಡಿದ. "ಕಾಯಬೇಡ ಅಂದಿದ್ದು ಬರೀ ಬಾಯಿಮಾತಿಗೆ."

ಹದಿಮೂರು ವರ್ಷ ಜೋಪಾನ ಮಾಡಿದ ಸಿಟ್ಟು ಅವಳಿಗೆ ಹುಡುಕಿದರೂ ಸಿಗಲಿಲ್ಲ. ಅವಳು ಪರೀಕ್ಷೆಯ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ ಗಾಜು ಹಾಕಿದಳು. ಬೆರಳು ಕಿವಿಗೆ ತಾಗಿತು; ಇಬ್ಬರೂ ಗೊತ್ತಾಗದವರಂತೆ ನಟಿಸಿದರು.

"ನನ್ನ ತಲೆ ನೋಡಿ. ಬಿಳಿ ಕೂದಲು ಎಷ್ಟಿದೆ?"

"ಒಂದೂ ಇಲ್ಲ."

"ಫೇಲ್." ಇನ್ನೊಂದು ಗಾಜು ಹಾಕಿದಳು. "ಈಗ?"

"ಇಲ್ವೇ ಇಲ್ಲ."

ಮೂರನೆಯ ಗಾಜಿಗೆ ಅವನು ತುಸು ಮುಂದೆ ಬಾಗಿದ. ಅವಳ ಬೈತಲೆಯನ್ನೇ ನೋಡುತ್ತ ಕೂತ. ಗಾಜಿನ ಹಿಂದೆ ಕಣ್ಣು ತುಂಬಿ ಬಂತು.

"ಇಷ್ಟೊಂದು ಕಾದ್ಯಾ?"

"ಪಾಸ್," ಎಂದಳು. ಕನ್ನಡಕ ಹಾಕಿಕೊಂಡು ಬಸ್ ಓಡಿಸಬಹುದು ಎಂದು ಬರೆದು ಸಹಿ ಹಾಕಿದಳು.

ಅವನು ಕಾಗದ ಮಡಚಿಕೊಂಡು ಬಾಗಿಲವರೆಗೆ ಹೋಗಿ ತಿರುಗಿದ. "ಮೊದಲಿನ ಹಾಗೆ ತಿಂಗಳಿಗೆರಡು ಸಲ ಬರ್ಲಾ?"

"ಬೇಡ. ಡ್ಯೂಟಿ ಮುಗಿಸಿ ದಿನಾ ಸೀದಾ ಮನೆಗೆ ಬಾ."